ವೀಸಾಕ್ಕಾಗಿ ಇನ್ನೊಮ್ಮೆ ಮದುವೆ

ಮೇ 6, ಮಧ್ಯಾಹ್ನ

ಇವತ್ತೂ ಪೇಂಟ್ ಅಂಗಡಿ ಶಟರ್ ಎತ್ತಿದ್ದು ನಾನೇ. ಅವನು ಗಲ್ಲಾಪೆಟ್ಟಿಗೆ ಹಿಂದೆ ಪೇಪರ್ ಓದುತ್ತಾ ಕೂತಿದ್ದ. ಗಿರಾಕಿ ಬಂದು ಪ್ರೈಮರ್ ಕೇಳಿದರೆ "ಅವಳನ್ನ ಕೇಳಿ" ಅಂದ, ತಲೆ ಎತ್ತದೆ. ಎದುರಿಗೆ "ರೀ" ಅನ್ನುತ್ತೇನೆ. ಈ ಪುಸ್ತಕದಲ್ಲಿ ಮಾತ್ರ ಅವನು, ಇವನು. ಗಂಡ ಅಂತ ಬರೆಯೋಕೂ ಮನಸ್ಸು ಬರುವುದಿಲ್ಲ.

ಪೇಂಟ್ ಕಂಪನಿಯವನು ಸ್ವೀಟ್ ಡಬ್ಬ ಹಿಡಿದು ಬಂದ. ನಮ್ಮ ಅಂಗಡಿ ಈ ವರ್ಷ ಟಾರ್ಗೆಟ್ ಮುಟ್ಟಿತಂತೆ. ಬಹುಮಾನ — ಫಾರಿನ್ ಟೂರು! ಹತ್ತು ದಿನ, ದಂಪತಿಗಳಿಗೆ.

"ಮೇಡಂ, ಪಾಸ್‌ಪೋರ್ಟ್ ಇದೆಯಾ?"

"ಇವಳಿಗ್ಯಾಕೆ ಟೂರು?" ಅಂದ ಮಹಾಶಯ. "ಬಸ್ಸಲ್ಲಿ ಕೂತ್ರೇ ವಾಂತಿ ಮಾಡ್ಕೊಳ್ತಾಳೆ."

ಮೈಯೆಲ್ಲಾ ಉರಿದುಹೋಯಿತು. "ಇದೆ," ಅಂದೆ. ಮಗಳು ಹಾಸ್ಟೆಲಿಗೆ ಹೋಗುವ ಮುಂಚೆ ಹಟ ಹಿಡಿದು ಮಾಡಿಸಿದ್ದು. "ಪಾಸ್‌ಪೋರ್ಟೂ ಇದೆ, ಹೋಗೋ ಆಸೇನೂ ಇದೆ. ಬರ್ಕೊಳ್ಳಿ."

ಅವನು ಪೇಪರ್ ಮಡಚಿದ. ಮುಖ ಹರಳೆಣ್ಣೆ ಕುಡಿದ ಹಾಗೆ. ಚೆನ್ನಾಗಿತ್ತು ನೋಡಲು.

ಮೇ 7

ಹತ್ತು ದಿನ! ಯಾರೋ ಬೇಯಿಸಿ ಹಾಕಿದ್ದು ತಿನ್ನುವುದು. ಯಾರೋ ಹಾಸಿದ ಹಾಸಿಗೆ. ಪೇಂಟು, ಥಿನ್ನರ್ ವಾಸನೆ ಇಲ್ಲದ ಕೋಣೆ. ಇಲ್ಲಿ ನನ್ನ ಹೊಲಿಗೆ ರೂಮನ್ನೇ ಗೋಡೌನ್ ಮಾಡಿ ಕೂರಿಸಿದ್ದಾನಲ್ಲ, ಮಂಚದ ಕೆಳಗೂ ಡಬ್ಬ. ಹೊಲಿಗೆ ಮೆಷಿನ್ ಮೇಲೆ ವಾರ್ನಿಶ್. ಕೇಳಿದರೆ "ನೀನೇನು ಹೊಲಿದು ಕಡಿದು ಹಾಕ್ತಿದ್ದೆ?"

ಹೋಗಲೇಬೇಕು. ಅವನ ಪಕ್ಕದ ಸೀಟಾದರೂ ಸರಿ. ಕಿಟಕಿ ಕಡೆ ಮುಖ ಮಾಡಿ ಕೂತರಾಯಿತು.

ಮೇ 9

ಟ್ರಾವೆಲ್ ಏಜೆಂಟ್ ಆಫೀಸು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಅವನು ಹಿಂದೆ ನೋಡದೆ ದಡದಡ ಹತ್ತಿಹೋದ. ನಾನು ಏದುಸಿರು ಬಿಡುತ್ತಾ ಹಿಂದೆ. ಏಜೆಂಟ್ ಚಿಕ್ಕ ವಯಸ್ಸಿನ ಹೆಂಗಸು, ಮಾತು ಚುರುಕು. ಬ್ಯಾಂಕ್ ಸ್ಟೇಟ್‌ಮೆಂಟ್ ಸರಿ, ಅಂಗಡಿ ಲೈಸೆನ್ಸ್ ಸರಿ...

"ಮದುವೆ ಸರ್ಟಿಫಿಕೇಟ್?"

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಷ್ಟೋ ದಿನದ ಮೇಲೆ.

"ನಮ್ಮ ಕಾಲದಲ್ಲಿ ಅದೆಲ್ಲಾ ಎಲ್ಲಿತ್ತಮ್ಮಾ?" ಅಂದ ಅವನು. "ನೆಂಟರಿಷ್ಟರೆಲ್ಲಾ ಬಂದು ಊಟ ಮಾಡ್ಕೊಂಡು ಹೋದ್ರು. ಅದು ಸಾಲಲ್ವಾ?"

"ವೀಸಾ ಕೊಡೋರು ಆ ಊಟಕ್ಕೆ ಬಂದಿರ್ಲಿಲ್ವಲ್ಲ ಅಂಕಲ್," ಅಂದಳು. "ಆಂಟಿ ಪಾಸ್‌ಪೋರ್ಟಲ್ಲಿ ಗಂಡನ ಹೆಸರಿನ ಜಾಗ ಖಾಲಿ ಇದೆ. ಪೇಪರ್ ಪ್ರಕಾರ ನೀವಿಬ್ರೂ ಯಾರೋ, ಯಾರೋ. ಮೊದಲು ರಿಜಿಸ್ಟರ್ ಮಾಡ್ಸಿ. ಆಮೇಲೆ ವೀಸಾ."

ರಿಜಿಸ್ಟ್ರಾರ್ ಮುಂದೆ ನಿಲ್ಲಬೇಕಂತೆ. ಒಪ್ಪಿಗೆ ಇದೆಯಾ ಅಂತ ಇಬ್ಬರನ್ನೂ ಬೇರೆ ಬೇರೆ ಕೇಳುತ್ತಾರಂತೆ. ಒಬ್ಬರು ಇಲ್ಲ ಅಂದರೆ ಮುಗೀತಂತೆ.

ಇಳಿದು ಬರುವಾಗ ಮೆಟ್ಟಿಲು ಗೊತ್ತಾಗಲೇ ಇಲ್ಲ.

ಮೇ 10

ಯಾರೋ, ಯಾರೋ. ಬೆಳಗ್ಗೆಯಿಂದ ಬಾಯಲ್ಲಿ ಅದೇ. ಅವನಿಗೆ ಕಾಫಿ ಲೋಟ ಕುಕ್ಕುವಾಗಲೂ ಅದೇ. ಯಾರಯ್ಯಾ ನೀನು? ನನ್ನ ಕೈ ಕಾಫಿ ಯಾಕೆ ಕುಡೀತೀಯಾ?

ಮಗಳು ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಹಾಗಾದ್ರೆ ನಾನು ಯಾರ ಮಗಳು?"

"ನನ್ನ ಮಗಳು. ಅದರಲ್ಲಿ ಅನುಮಾನ ಇಲ್ಲ."

"ಪಾಪ, ಅಪ್ಪ!"

"ಪಾಪವಂತೆ ಪಾಪ. ಫೋನಿಡು."

ಮದುವೆ ಮಾಡುವಾಗ ನನ್ನನ್ನು ಯಾರು ಕೇಳಿದ್ದರು? ಅಪ್ಪ, ಮಾವ ಕೂತು ಮಾತು ಮುಗಿಸಿ ಎದ್ದರು. ಅಮ್ಮ ಒಳಗೆ ಬಂದು ಹೇಳಿದಳು, ಅಷ್ಟೇ. ಲಾರಿಯಿಂದ ಡಬ್ಬ ಇಳಿಸಿದ ಹಾಗೆ ನನ್ನನ್ನು ಇಲ್ಲಿ ಇಳಿಸಿದರು. ಇಪ್ಪತ್ತಾರು ವರ್ಷ ಆಯಿತು. ಈಗ ಸರ್ಕಾರವೇ ಕರೆದು ಕೂರಿಸಿ ಕೇಳುತ್ತದಂತೆ — ಒಪ್ಪಿಗೆ ಇದೆಯಾ ಅಂತ.

ಇಲ್ಲ ಅಂದುಬಿಟ್ಟರೆ?

ಮೇ 14

ವೀಸಾ ಫೋಟೋ. ಸ್ಟುಡಿಯೋದವನು "ನಗಬೇಡಿ, ಹಲ್ಲು ಕಾಣಬಾರದು" ಅಂದ. ಆ ತೊಂದರೆ ನಮಗಿಲ್ಲ. ಒಂದೇ ಸಲಕ್ಕೆ ಇಬ್ಬರದೂ ಓಕೆ ಆಯಿತು. ಇಷ್ಟು ಬೇಗ ಯಾರದೂ ಆಗಿರಲಿಲ್ಲವಂತೆ.

ಅಲ್ಲಿಂದ ಏಜೆಂಟ್ ಹತ್ತಿರ. ಆ ದೇಶದಲ್ಲಿ ಇಳಿದ ಮೇಲೆ ಕೌಂಟರಿನಲ್ಲಿ ಏನು ಹೇಳಬೇಕು ಅಂತ ಪಾಠ. ಕೇಳಿದ್ದಕ್ಕಷ್ಟೇ ಉತ್ತರ. ಇಬ್ಬರದೂ ಒಂದೇ ಉತ್ತರ ಇರಬೇಕು.

"ಯಾಕೆ ಬಂದಿದ್ದೀರಿ?"

"ಟಾರ್ಗೆಟ್ ಮುಟ್ಟಿದ್ದಕ್ಕೆ," ಅಂದ ಅವನು. ಬೆಪ್ಪು.

"ನೀವು, ಆಂಟಿ?"

"ಇವರ ಕಾಟ ತಡೀಲಾರ್ದೆ."

ಏಜೆಂಟ್ ಪೆನ್ ಕೆಳಗಿಟ್ಟಳು. "ಟೂರಿಸಂ ಅನ್ನಿ. ಇಬ್ರೂ. ದಯವಿಟ್ಟು."

ಮೇ 22

ಎಂಟು ದಿನ ಬರೆಯಲಿಲ್ಲ. ಜಗಳ. ನಾನು ಹೊಸ ಸೂಟ್‌ಕೇಸ್ ಕೊಂಡುತಂದೆ ಅಂತ ಶುರುವಾಗಿದ್ದು ನನ್ನ ತವರಿನ ತನಕ ಹೋಯಿತು. ಮಾತು ಬಿಟ್ಟೆ. ಅವನೂ ಬಿಟ್ಟ. ಅಂಗಡಿಯಲ್ಲಿ ಗಿರಾಕಿಗಳ ಮೂಲಕ ಮಾತು. "ಅವರಿಗೆ ಹೇಳಿ, ಬಿಳಿ ಡಿಸ್ಟೆಂಪರ್ ಖಾಲಿ ಅಂತ."

ಇವತ್ತು ನಾದಿನಿ ಬಂದಳು. ರಿಜಿಸ್ಟ್ರಾರ್ ಆಫೀಸಿಗೆ ಸಾಕ್ಷಿ ಬೇಕಲ್ಲ, ಅವಳೇ. ಬಂದವಳು ಸುಮ್ಮನಿರುತ್ತಾಳಾ? "ಅತ್ತಿಗೆ, ಸೀರೆ ಯಾವುದು ಉಡ್ತೀರಿ? ಮದುಮಗಳಲ್ವಾ!" ಅಂತ ಕಿಸಕ್ಕನೆ ನಕ್ಕಳು. ಇವಳ ನಾಲಿಗೆಗೆ ಪ್ರೈಮರ್ ಬಳಿಯಬೇಕು.

ಅರ್ಜಿ ಜೊತೆ ಮದುವೆ ಫೋಟೋ ಕೊಡಬೇಕಂತೆ. ಅಟ್ಟದ ಪೆಟ್ಟಿಗೆಯಲ್ಲಿ ಒಂದೇ ಒಂದು ಸಿಕ್ಕಿತು. ಅಪ್ಪ, ಮಾವ ನಡುವೆ ನಿಂತು ಹಲ್ಲು ಬಿಡುತ್ತಿದ್ದಾರೆ. ನಾವಿಬ್ಬರೂ ಈ ಕೊನೆ, ಆ ಕೊನೆ. ನಾನು ನೆಲ ನೋಡುತ್ತಿದ್ದೇನೆ. ಅವನು ಎಲ್ಲೋ ನೋಡುತ್ತಿದ್ದಾನೆ, ಯಾರನ್ನೂ ನೋಡದ ಹಾಗೆ. ಎಷ್ಟು ಬಡಕಲು!

"ಮದುವೆ ಆಗಿದ್ದು ಈ ಅಪ್ಪಂದಿರಿಬ್ಬರದೋ ಏನೋ," ಅಂದಳು ನಾದಿನಿ. ನನಗೂ ನಗು ಬಂತು, ತಡೆದುಕೊಂಡೆ. ಅವನ ತಂಗಿ ಹೇಳಿದ್ದಕ್ಕೆ ನಗುವುದೇ?

ಮೇ 30, ಸಂಜೆ

ತೀರ್ಮಾನ ಮಾಡಿದೆ. ಇಲ್ಲ ಅನ್ನುತ್ತೇನೆ.

ಟೂರು ಹೋಗುತ್ತದೆ. ಹೋಗಲಿ. ಹೊಟ್ಟೆ ಉರಿಯುತ್ತದೆ, ಸೂಟ್‌ಕೇಸ್ ನೋಡಿದರೆ ಅಳು ಬರುತ್ತದೆ, ಆದರೂ ಹೋಗಲಿ. ವಿಮಾನ ಇವತ್ತಲ್ಲ ನಾಳೆ ಹತ್ತಬಹುದು. ಇಂಥ ಪ್ರಶ್ನೆ ಇನ್ನೊಂದು ಸಲ ಯಾರು ಕೇಳುತ್ತಾರೆ ನನ್ನನ್ನು? ಒಬ್ಬ ಅಧಿಕಾರಿ, ಅವನ ತಂಗಿ, ಅವನು — ಎಲ್ಲರ ಎದುರಿಗೆ, ಕಡ್ಡಿ ಮುರಿದ ಹಾಗೆ: ಇಲ್ಲ. ಅವನ ಮುಖ ನೋಡಬೇಕು ಆಗ! ಆಮೇಲೆ ಮನೆಯಲ್ಲೇ ಇರುತ್ತೇನೋ, ಮಗಳ ಊರಿಗೆ ಹೋಗುತ್ತೇನೋ, ನೋಡೋಣ. ಹೊಲಿಯುವುದು ಮರೆತಿಲ್ಲ.

ಜೂನ್ 3, ಬೆಳಗ್ಗೆ

ಕನ್ನಡಿ ಮುಂದೆ ಎರಡು ಸಲ ಹೇಳಿ ನೋಡಿದೆ. "ಇಲ್ಲ, ಒಪ್ಪಿಗೆ ಇಲ್ಲ." ಮೊದಲನೆಯದು ಮೆತ್ತಗಾಯಿತು. ಎರಡನೆಯದು ಚೆನ್ನಾಗಿ ಬಂತು. ಹೊರಗೆ ಅವನು ಸ್ಕೂಟರ್ ಹಾರ್ನ್ ಒತ್ತುತ್ತಿದ್ದಾನೆ. ಒತ್ತಪ್ಪಾ, ಒತ್ತು.

ಜೂನ್ 3, ರಿಜಿಸ್ಟ್ರಾರ್ ಆಫೀಸು, ಕಾರಿಡಾರಿನ ಬೆಂಚು

ಬ್ಯಾಗಿನಲ್ಲಿ ಈ ಪುಸ್ತಕ ಇತ್ತು, ಪುಣ್ಯ. ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ಸಿಟ್ಟಿಗೇ ಇರಬೇಕು.

ಒಳಗೆ ಆದದ್ದು ಇಷ್ಟು. ರಿಜಿಸ್ಟ್ರಾರ್ ದಪ್ಪ ಕನ್ನಡಕದ ಹೆಂಗಸು. ಮೊದಲು ಅವನನ್ನು ಕೇಳಿದರು. "ಈಕೆಯನ್ನ ಹೆಂಡತಿ ಅಂತ ದಾಖಲು ಮಾಡೋಕೆ ನಿಮಗೆ ಒಪ್ಪಿಗೆ ಇದೆಯಾ?" ಅವನು ಹೂಂ ಅನ್ನಲಿ, ಆಮೇಲೆ ನನ್ನ ಸರದಿ ಅಂತ ನಾನು ಗಂಟಲು ಸರಿಮಾಡಿಕೊಂಡು ನಿಂತಿದ್ದೆ.

ಅವನು ಹೂಂ ಅನ್ನಲಿಲ್ಲ!

"ಅನ್ನೋ ಅಣ್ಣಾ," ಅಂತ ನಾದಿನಿ ತಿವಿದಳು.

"ಸ್ವಲ್ಪ ಟೈಮ್ ಕೊಡ್ತೀರಾ, ಮೇಡಂ?"

"ಇಪ್ಪತ್ತಾರು ವರ್ಷ ಸಾಲ್ಲಿಲ್ವೇನ್ರೀ?" ಅಂದರು ಅವರು.

"ಆವತ್ತು ನನ್ನನ್ನ ಯಾರೂ ಕೇಳ್ಲಿಲ್ಲ, ಮೇಡಂ. ಇವತ್ತೇ ಮೊದಲು. ಅದಕ್ಕೇ... ಸ್ವಲ್ಪ ಯೋಚನೆ ಮಾಡ್ತೀನಿ."

ಆಮೇಲೆ ಬನ್ನಿ ಅಂತ ಹೊರಗೆ ಕಳಿಸಿದರು. ಹಿಂದೆ ಸಾಲಿತ್ತು.

ಯೋಚನೆ ಮಾಡುತ್ತಾನಂತೆ! ನನ್ನ ಅಡುಗೆ ತಿಂದು, ನನ್ನ ರೂಮು ಕಿತ್ತುಕೊಂಡು, ಈಗ ಯೋಚನೆ! ಯಾರೂ ಕೇಳಲಿಲ್ಲ ಅನ್ನುವ ಆ ಮಾತು ನನ್ನದು. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ನನ್ನ ಸ್ವಂತ ಮಾತು. ನಾನು ಬಾಯಿ ತೆರೆಯುವ ಮೊದಲೇ ಅವನು ಆಡಿಬಿಟ್ಟ. ಅಲ್ಲ, ಈ ಗಂಡಸು ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ? ಒಂದು ಸಲ, ಬೈಯುವಾಗಲಾದರೂ ಹೇಳಬಹುದಿತ್ತಲ್ಲ! ಹೇಳಿದ್ದರೆ ಇಬ್ಬರೂ ಕೂತು ಆ ಮುದುಕರನ್ನಾದರೂ ಬೈಯುತ್ತಿದ್ದೆವು.

ಕಿಟಕಿ ಹತ್ತಿರ ನಿಂತಿದ್ದಾನೆ, ಬೆನ್ನು ಹಾಕಿ. ಷರ್ಟಿನ ಕಾಲರ್ ಹಿಂದೆ ಬಿಳಿ ಪೇಂಟ್ ಒಣಗಿದೆ. ತಂಗಿ ಏನೋ ಗದರುತ್ತಿದ್ದಾಳೆ, ಕೇಳುತ್ತಿಲ್ಲ ಅವನು.

ಇಲ್ಲ ಅಂದುಬಿಟ್ಟರೆ ಅವನು? ನನಗಿಂತ ಮುಂಚೆ? ಅಂದುಬಿಡುತ್ತಾನೆ, ಅಂಥವನೇ. ಅಂದರೆ ನನಗೇನು? ನನಗೂ ಬೇಕಾಗಿದ್ದು ಅದೇ ತಾನೆ. ಮತ್ತೆ ಯಾಕೆ ಹೀಗೆ ಎದೆ ಹೊಡೆದುಕೊಳ್ಳುತ್ತಿದೆ, ಹಾಳಾದ್ದು!

ಗುಮಾಸ್ತ ಬಾಗಿಲಲ್ಲಿ ತಲೆ ಹಾಕಿ ಕರೆದ. ಅವನು ನೇರ ಬೆಂಚಿನ ಹತ್ತಿರ ಬಂದ. ಚಪ್ಪಲಿ ಕಾಣುತ್ತಿದೆ. ತಲೆ ಎತ್ತಿಲ್ಲ ನಾನು, ಬರೆಯುತ್ತಲೇ ಇದ್ದೇನೆ.

"ಒಳಗೆ ಹೋಗಿ ಏನು ಹೇಳ್ತೀನೋ ಅದು ಆಮೇಲೆ," ಅಂದ. "ನಿಂಗೇನು ಬೇಕು? ನಾನು ಕೇಳ್ತಿದೀನಿ."

ಆ "ಇಲ್ಲ" ನಾಲಿಗೆ ತುದಿಯಲ್ಲೇ ಇದೆ, ಬೆಳಗ್ಗೆ ಚೆನ್ನಾಗಿ ಬಂದಿತ್ತು. ಈಗ ಬಾಯಿ ತೆರೆದರೆ ಅದೇ ಬರುತ್ತದೋ, ಬೇರೇನೋ —