ನಗೆಗಣ್ಣು ಎಣಿಸದ ಕೆಮ್ಮು

ಸಂಜೆ ಏಳು ಗಂಟೆ, ೨೧೬೩ನೇ ಇಸವಿಯ ಕಾರ್ತಿಕ. ಹೋದ ವಾರ ತೀರಿಕೊಂಡ ಅಕ್ಕ ಹುಲಿಗೆಮ್ಮನ ಹಾಸಿಗೆಯ ಮೇಲೆ ತೂಗುತ್ತಿದ್ದ ಅಣಬೆ ಚೀಲಗಳನ್ನೆಲ್ಲ ಇಳಿಸಿ ಇವತ್ತು ತಿಪ್ಪೆಗೆ ಹಾಕಿದೆ. ಗೋಡೆ ತೊಳೆದೆ.

ಬಹಳ ಹಿಂದೆ ಹಳ್ಳಿಗಳಲ್ಲಿ ತರಬೇತಿ ನಡೆಸುತ್ತಿದ್ದ ನಿಮಗೆ ಬರೆಯುತ್ತಿದ್ದೇನೆ. ನಾನು ಏಳನೆಯ ಇಯತ್ತೆ ಓದಿದವಳು. ನಮ್ಮ ಕಾಲದ ಒಂದೆರಡು ಪದ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಕುಷ್ಟಗಿ ಸೀಮೆಯಲ್ಲಿ ಈಗ ಹಗಲು ಹೊಲಕ್ಕೆ ಇಳಿಯಲಾಗದು, ಬಿಸಿಲು ಮೈ ಸುಡುತ್ತದೆ. ಹೊಲವಿದ್ದವರು ಇರುಳುಗೆಯ್ಮೆ ಮಾಡುತ್ತಾರೆ, ಅಂದರೆ ಕತ್ತಲಲ್ಲಿ ಉತ್ತಿ ಬಿತ್ತುತ್ತಾರೆ. ನಾವು ಅವರಲ್ಲಿ ಕೂಲಿ ಮಾಡಿ, ಹಗಲೆಲ್ಲ ಬಾಗಿಲು ಕಿಟಕಿ ಬಿಗಿದು ಮಲಗುತ್ತೇವೆ. ಹೊಲವಿಲ್ಲದವರೂ ಉದ್ಯಮಿಗಳಾಗಲಿ ಎಂದು ತರಬೇತಿ ಕೇಂದ್ರದವರು ಅಕ್ಕನಿಗೆ ಅಣಬೆ ಬೆಳೆಯಲು ಕಲಿಸಿದರು. ಬೆಳಕು ಕಡಿಮೆಯಿರುವ ಒಂದು ಕೋಣೆ ಬೇಕು ಅಂದರು. ಅಕ್ಕನಿಗಿದ್ದದ್ದೇ ಒಂದು ಕೋಣೆ. ಅಲ್ಲೇ ಚೀಲ ಕಟ್ಟಿದಳು, ಅವುಗಳ ಅಡಿಯಲ್ಲೇ ಮಲಗಿದಳು. ಬಲಿತ ಅಣಬೆಯ ಬಿಳಿ ಧೂಳು ಅವಳ ಹೊದಿಕೆಯ ಮೇಲೆ ಕೂರುತ್ತಿತ್ತು. ಮಳೆಗಾಲದ ಹೊತ್ತಿಗೆ ಕೆಮ್ಮು ಹಿಡಿಯಿತು.

ತರಬೇತಿ ಫಲಿಸಿತೋ ಇಲ್ಲವೋ ನೋಡಲು ಅವರು ನಗೆಗಣ್ಣು ತರುತ್ತಾರೆ. ಅದು ಬಟಾಣಿಯಷ್ಟು ಯಂತ್ರ, ಮುಖ ನೋಡಿ ಸಂತೋಷ ಅಳೆಯುತ್ತದೆ. ನಮ್ಮಲ್ಲಿ ಹೊಸ್ತಿಲಿಗೆ ಬಂದವನು ವೈರಿಯಾದರೂ ನಗುತ್ತಲೇ ನೀರು ಕೊಡಬೇಕು. ಅಕ್ಕ ತಂಬಿಗೆ ಕೊಟ್ಟಳು, ಕೆಮ್ಮು ನುಂಗಿ ನಕ್ಕಳು. ಪೂರ್ತಿ ಅಂಕ ಬಿತ್ತು. ಅವಳದು ಮಾದರಿ ಮನೆಯಾಯಿತು. ಅವರು ಹೋದ ಮೇಲೆ, ಕೆಮ್ಮಿನ ಸುದ್ದಿ ಯಾಕೆ ಹೇಳಲಿಲ್ಲ ಎಂದು ಬೈದೆ.

“ಮನಿಗೆ ಬಂದವರ ಮುಂದ ಮಾರಿ ಗಂಟು ಹಾಕಬಾರದು, ತಂಗಿ. ನಿನ್ನ ಮಾರಿ ಮೊದಲಿಂದಲೂ ಹಂಗ. ಅದಕ್ಕ ನಿನಗ ಯಾರೂ ತರಬೇತಿ ಕೊಡಲಿಲ್ಲ,” ಅಂದಳು.

ನಗೆಗಣ್ಣು ನಮ್ಮ ಕಾಲದ್ದು. ಅದರ ಬೀಜ ನಿಮ್ಮದು. ತರಬೇತಿಯ ಕೊನೆಯ ದಿನ ಹೋಳಿಗೆ ಬಡಿಸಿ, ಉಂಡವರು ಕೈ ತೊಳೆಯುವ ಮೊದಲೇ ಹೇಗಿತ್ತು ಎಂದು ಕೇಳಿದವರು ನೀವು. ಉಂಡ ಎಲೆಯ ಮುಂದೆ ಕೂತು ತಪ್ಪು ಯಾರು ಹೇಳುತ್ತಾರೆ? ಚಲೋ ಇತ್ರಿ ಅಂದರು. ಅದನ್ನೇ ಫಲವೆಂದು ಬರೆದುಕೊಂಡು ಹೋದಿರಿ. ಒಂದು ಬೆಳೆ ಮುಗಿದ ಮೇಲೆ ತಿರುಗಿ ಬರಲಿಲ್ಲ. ಇನ್ನಾದರೂ ಬನ್ನಿ. ಮುಖ ನೋಡಬೇಡಿ, ಒಳಗೆ ಹೋಗಿ ಹಾಸಿಗೆ ಎಲ್ಲಿದೆ ನೋಡಿ.

ನಾಳೆ ಸಂಜೆ ಕೇಂದ್ರದವರು ಬೇರೆ ಊರಿನ ಹೆಂಗಸರನ್ನು ಕರೆತಂದು ಮಾದರಿ ಮನೆ ತೋರಿಸುತ್ತಾರೆ. ಬಾಗಿಲಲ್ಲಿ ನಾನಿರುತ್ತೇನೆ. ತಂಬಿಗೆ ಒಳಗೇ ಇರುತ್ತದೆ.