‘ಓದ’ ಎಂದರೆ ಹೋದ

ಸೋಮವಾರ, 10 ನವೆಂಬರ್ 2025
ಹೊಳೆನರಸೀಪುರ, ಬೆಳಿಗ್ಗೆ 6.20

ಎಂಟನೇ ಕ್ಲಾಸಿನ ನೋಟ್‌ಬುಕ್ ತಿದ್ದುತ್ತಿದ್ದೇನೆ. ಒಬ್ಬರಿಗೂ ‘ಹ’ಕಾರ ಬರುವುದಿಲ್ಲ.

ಸುದರ್ಶನ ಇನ್ನೂ ಎದ್ದಿಲ್ಲ. ನಮ್ಮ ಸೈನ್ಯ ಬಿಟ್ಟು ಪರದೇಶದ ಸೈನ್ಯ ಸೇರಿ, ಎರಡು ವರ್ಷ ಕಾದಾಡಿ, ಕುಂಟುತ್ತ ಬಂದ ನನ್ನ ತಮ್ಮ. ಅಂಥವರಿಗೆ ಸರ್ಕಾರ ಕ್ಷಮೆ ಕೊಡುತ್ತದಂತೆ. ಅರ್ಜಿಗೆ ಶುಕ್ರವಾರ ಕಡೆ ದಿನ. ತಪ್ಪಿದರೆ ಜೈಲು. ಇವನಿಗೆ ಗೊರಕೆ.

ಮಂಗಳವಾರ, 11

ಅರ್ಜಿ ಕೊಡಲು ಹಾಸನದ ಆಫೀಸು. ಅಮ್ಮನ ಹೇಳಿಕೆ ಬೇಕಂತೆ. “ರಜಕ್ಕೆ ಬಂದಿದ್ದ, ಅಂಗೇ ಪರದೇಶಕ್ಕೆ ಓದ ಕಣಪ್ಪ” ಎಂದಳು. ಗುಮಾಸ್ತ ಧಾರವಾಡದವನು. ಟೈಪ್ ಮಾಡಿದ, ಹೆಬ್ಬೆಟ್ಟು ಒತ್ತಿಸಿದ. ಬಸ್ಸಿನಲ್ಲಿ ನಕಲು ನೋಡಿದೆ — ‘ರಜೆಯಲ್ಲಿ ಬಂದು, ಪರದೇಶದಲ್ಲಿ ಓದಿದ.’

ಕರ್ಮ. ‘ಹೋದ’ ಅನ್ನು ಅಮ್ಮಾ, ‘ಹೋದ’ ಅಂತ ಎಷ್ಟು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. “ನಾನೂ ಅಂಗೇ ಅಂದಿದ್ದು ಕಣೇ” ಅನ್ನುತ್ತಾಳೆ.

ಬುಧವಾರ, 12

ಚನ್ನರಾಯಪಟ್ಟಣದ ವಕೀಲ ಪರಮೇಶ್ ನಕ್ಕೇ ನಕ್ಕರು. “ತಿದ್ಸಕ್ಕೆ ಓಗ್ಬೇಡಿ ಮೇಡಂ. ಓದಕ್ಕೆ ಓದವನ್ನ ಅಲ್ಲಿ ಬಲವಂತವಾಗಿ ಸೇರಿಸ್ಕಂಡ್ರು ಅನ್ನೋಣ. ಕ್ಷಮೆ ಗ್ಯಾರಂಟಿ.”

ಒಪ್ಪಿದೆ. ನಾಚಿಕೆಯಾಯಿತು. ಆದರೂ ಒಪ್ಪಿದೆ.

ಸುದರ್ಶನ ಸೈನ್ ಹಾಕಲ್ಲವಂತೆ. ಯಾಕೆ ಅಂದರೆ ಬಾಯಿ ಬಿಡುವುದಿಲ್ಲ. ಅಮ್ಮ ಅತ್ತಳು. ಅವನು ಟಿವಿ ನೋಡಿದ.

ಶುಕ್ರವಾರ, 14
ಬೆಳಿಗ್ಗೆ 8.00

ಈಗ, ಕಡೇ ದಿನ, ಬಾಯಿ ಬಿಟ್ಟ.

“ಅರಕಲಗೂಡಿನ ಅನಿಲ್‌ಕುಮಾರ್‌ನ ಕರ್ಕಂಡೋಗಿದ್ದು ನಾನೇ ಕಣಕ್ಕ. ಇಬ್ರೂ ಒಂದೇ ದಿನ ಪಟಾಲಂ ಬುಟ್ಟೋ. ಅವ್ನು ಅಲ್ಲೇ ಸತ್ತ. ನಾನು ಓದಕ್ಕೆ ಓಗಿದ್ದೆ ಅಂತ ಬರುದ್ರೆ, ಅವನೊಬ್ನೇ ಓಡೋದ ಅಂತ ಆಯ್ತದೆ.”

ಮೊದಲೇ ಹೇಳಬಾರದಿತ್ತೇ, ಕತ್ತೆ.

ಕೂತು ಹೊಸ ಅರ್ಜಿ ಬರೆದೆ. ‘ಸೈನ್ಯ ಬಿಟ್ಟು ಓಡಿಹೋದೆ. ಅನಿಲ್‌ಕುಮಾರ್‌ನನ್ನೂ ಕರೆದೊಯ್ದೆ. ಅವನಿಗೂ ಕ್ಷಮೆ ಕೊಡಿ.’ ತಕ್ಷಣ ಸೈನ್ ಹಾಕಿದ.

ಹಾಸನ, ಸಂಜೆ 4.40

ಗುಮಾಸ್ತ ಅರ್ಜಿ ವಾಪಸ್ ತಳ್ಳಿದ. “ಸತ್ತವರ ಹೆಸರು ಹಾಕಂಗಿಲ್ರಿ. ಆ ಸಾಲು ಹೊಡೆದು ಕೊಡ್ರಿ, ಐದರೊಳಗ.”

ಸುದರ್ಶನ ಆಗಲ್ಲ ಅಂದ. ಬೈದೆ, ಕೈ ಮುಗಿದೆ. ನೀರು ಕುಡಿದು ಬರುತ್ತೇನೆ ಅಂತ ಆಚೆ ಹೋಗಿದ್ದಾನೆ.

4.52. ಬೆಂಚಿನ ಮೇಲೆ ಅರ್ಜಿ. ಒಂದು ಗೆರೆ ಎಳೆದರೆ ಸಾಕು, ತಮ್ಮ ಮನೆಯಲ್ಲಿರುತ್ತಾನೆ. ಅವನಿಗೆ ಗೊತ್ತಾಗುವುದಿಲ್ಲ. ಅನಿಲ್‌ಕುಮಾರ್‌ಗಂತೂ…

4.56. ಬರುತ್ತಿದ್ದಾನೆ. ನಾನು ಇನ್ನೂ