ಎಂಬತ್ತನಾಲ್ಕನೇ ಪುಟದ ‘ಪ್ರಾರ್ಥನೆ’

ಸ್ಯಾನ್ ರಮೋನ್
೯ ಜೂನ್ ೨೦೨೪, ಭಾನುವಾರ

ಸಂಪತನ ಅಪ್ಪನವರಿಗೆ,

ನಮಸ್ಕಾರ. ಕ್ಷೇಮ ವಿಚಾರಿಸುವ ವ್ಯವಧಾನ ಇವತ್ತು ನನಗಿಲ್ಲ. ಫೋನ್ ಮಾಡಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ.

ನೀವು ಮಗನಿಗೆ ಕಳಿಸಿದ ಪುಸ್ತಕ ಬಂತು. ನಿಮ್ಮ ಊರು ಎಲ್ಮ್‌ಫೋರ್ಡಿಗೆ ನೂರೈವತ್ತು ವರ್ಷ ತುಂಬಿತೆಂದು ಅಲ್ಲಿಯ ಇತಿಹಾಸ ಸಂಘದವರು ತಂದದ್ದು. ಚೆನ್ನಾಗಿಯೇ ಇದೆ. ಅಯೋವಾದ ಆ ಮೂಲೆಗೆ ರೈಲು ಬಂದದ್ದು, ಚೌಕದ ಸುತ್ತ ರೈತರು ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು, ಕೋರ್ಟಿನ ಗಡಿಯಾರಕ್ಕೆ ಸಿಡಿಲು ಹೊಡೆದದ್ದು, ಬ್ಯಾಂಡ್ ಮಂಟಪದಲ್ಲಿ ನಿಂತು ಯುದ್ಧಕ್ಕೆ ಹೊರಟವರ ಹೆಸರು ಕೂಗಿದ್ದು, ಎಲ್ಲ ಇದೆ. ಜೋಳದ ಹೊಲಗಳ ನಡುವಿನ ಅಷ್ಟು ಸಣ್ಣ ಊರಲ್ಲಿ ಇಷ್ಟೆಲ್ಲ ಆಗಿತ್ತಾ ಎಂದು ಖುಷಿಯಿಂದಲೇ ಓದಿದೆ. ಎಂಬತ್ತನಾಲ್ಕನೇ ಪುಟದವರೆಗೆ.

೧೯೮೯ರಲ್ಲಿ ಮಂಟಪ ಕೆಡವಿ ಚೌಕವನ್ನು ಪಾರ್ಕಿಂಗ್ ಲಾಟ್ ಮಾಡಲು ಹೊರಟಾಗ ಅದನ್ನು ಉಳಿಸಿದವರು ‘ನಮ್ಮ ಪ್ರೀತಿಯ ಹಲ್ಲಿನ ಡಾಕ್ಟರ್ ರಾಮನಾಥ್’ ಅಂತೆ! ಈ ಜುಲೈ ನಾಲ್ಕಕ್ಕೆ ಮಂಟಪಕ್ಕೆ ನಿಮ್ಮ ಹೆಸರಿನ ಹಿತ್ತಾಳೆ ಫಲಕವಂತೆ! ಅಲ್ಲ ಮಾರಾಯ್ರೆ, ನಿಮಗೆ ಒಂದು ಚೂರೂ ನಾಚಿಕೆ ಆಗಲಿಲ್ಲವಾ?

ಆ ಚಳಿಗಾಲ ಮನೆಮನೆ ಬಾಗಿಲು ತಟ್ಟಿದ್ದು ಯಾರು? ಸೀರೆಯ ಮೇಲೆ ನಿಮ್ಮ ಹಳೇ ಕೋಟು, ಕಾಲಿಗೆ ಸ್ನೋ ಬೂಟು, ಕೈಯಲ್ಲಿ ಚಕ್ಕುಲಿ ಡಬ್ಬ. ನಾಯಿ ಅಟ್ಟಿಸಿಕೊಂಡು ಬಂದದ್ದು ನನ್ನನ್ನು. ಮಂಟಪ ಕೆಡವಬೇಡಿ ಎಂಬ ಮನವಿಗೆ ನಾಲ್ಕುನೂರ ಹನ್ನೆರಡು ಸಹಿ ತಂದೆ. ನೀವೋ, ಕ್ಲಿನಿಕ್ಕಿಗೆ ಬರುವವರ ಹತ್ತಿರ ನಿಷ್ಠುರ ಯಾಕೆ, ನಮಗೆ ಯಾಕೆ ಊರ ಉಸಾಬರಿ ಎಂದಿರಿ. ಯಜಮಾನರ ಹೆಸರು ಮೊದಲಿರಲಿ ಎಂದು ಪಟ್ಟಿಯ ತಲೆಗೆ ನಿಮ್ಮ ಹೆಸರು ಬರೆದವಳು ನಾನೇ. ಆ ಬುದ್ಧಿ ನನಗೆ ಯಾಕೆ ಬಂತೋ!

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಅದೇ ಪುಟದ ಆ ಫೋಟೋ? ಗ್ರೋಸರಿ ಚೀಲದ ಕಂದು ಹಾಳೆ, ಅದರ ತುಂಬ ಕನ್ನಡ ಅಕ್ಷರ. ಕೆಳಗೆ ‘ಸಭೆಗೆ ಮುನ್ನ ಡಾಕ್ಟರು ಹೇಳಿಕೊಂಡ ಹಿಂದೂ ಪ್ರಾರ್ಥನೆ’ ಎಂದು ಹಾಕಿದ್ದಾರೆ. ಪ್ರಾರ್ಥನೆಯಂತೆ, ಪ್ರಾರ್ಥನೆ! ಇಂಗ್ಲಿಷ್ ಓದುವಾಗ ತಡವರಿಸುತ್ತೇನೆಂದು ನನ್ನ ಭಾಷಣವನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಊರವರೆದುರು ನಿಂತು ಓದಿದ ಹಾಳೆ ಅದು. ಅಂದು ಕೇಳಿದವರಲ್ಲಿ ಈಗ ಯಾರು ಉಳಿದಿದ್ದಾರೆ? ಆ ಊರಲ್ಲಿ ಕನ್ನಡ ಓದಬಲ್ಲವರು ಈಗ ನೀವೊಬ್ಬರೇ. ಸಂಘದವರು ಕೇಳಿದಾಗ ಪ್ರಾರ್ಥನೆ ಎಂದವರು ನೀವಲ್ಲದೆ ಇನ್ಯಾರು?

ಇವತ್ತು ಕನ್ನಡ ಕ್ಲಾಸಿನಿಂದ ಬಂದ ಮೊಮ್ಮಗಳು ಆಶ್ರಿತಾ ಆ ಫೋಟೋದ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸತೊಡಗಿದಳು. ಲೇ-ಡೀಸ್ ಆಂಡ್ ಜಂ-ಟಲ್-ಮನ್. ಅಜ್ಜೀ, ದಿಸ್ ಈಸ್ ಇಂಗ್ಲಿಷ್ ಎಂದು ಕಿರುಚಿದಳು. ಕೊನೆಯವರೆಗೂ ಓದಿದಳು. ಎ ಟೌನ್ ವಿದೌಟ್ ಎ ಸ್ಕ್ವೇರ್ ಈಸ್ ಎ ಹೌಸ್ ವಿದೌಟ್ ಎ ಜಗಲಿ. ಜಗಲಿಗೆ ಇಂಗ್ಲಿಷ್ ಸಿಗದೆ ಹಾಗೇ ಬಿಟ್ಟು, ಸಭೆಯಲ್ಲಿ ಕೈಸನ್ನೆ ಮಾಡಿ ತೋರಿಸಿದ್ದೆ. ನನಗೆ ಅಳು ತಡೆಯಲಿಲ್ಲ. ಮಗು ಹೆದರಿ ಅವಳಮ್ಮನನ್ನು ಕರೆದಳು.

ಇವಳು ಹುಟ್ಟಿದಾಗ ಸೊಸೆಯ ಬಾಣಂತನಕ್ಕೆಂದು ಬಂದವಳು ಹನ್ನೊಂದು ವರ್ಷವಾದರೂ ತಿರುಗಿ ಬರಲಿಲ್ಲ. ಅಲ್ಲಿಯ ಚಳಿ ನನ್ನ ಮೊಣಕಾಲಿಗೆ ಆಗುವುದಿಲ್ಲ ಎಂದು ಇಲ್ಲಿಯವರಿಗೆ ಹೇಳಿದ್ದೇನೆ. ಕಾರಣ ಚಳಿಯಲ್ಲ ಎಂದು ನಿಮಗೆ ಗೊತ್ತು. ನಾನು ಮಾಡಿದ್ದೆಲ್ಲ ನಿಮ್ಮ ಹೆಸರಿಗೆ ಹೋಗುವುದು, ನೀವು ನಗುತ್ತ ಕೈಮುಗಿಯುವುದು. ಸಾಕಾಗಿ ಹೋಗಿತ್ತು.

ಈ ಕಾಗದ ಕೈಸೇರಿದ ದಿನವೇ ಸಂಘದವರಿಗೆ ನಿಜ ಹೇಳಿ. ಫಲಕದಲ್ಲಿ ಸೌದಾಮಿನಿ ಎಂದಿರಬೇಕು. ಡಾಕ್ಟರ ಹೆಂಡತಿ ಎಂದಲ್ಲ. ಹೇಳದಿದ್ದರೆ ಜುಲೈ ನಾಲ್ಕಕ್ಕೆ ಆಶ್ರಿತಾಳನ್ನು ಕರೆದುಕೊಂಡು ಬರುತ್ತೇನೆ. ನಿಮ್ಮ ಪ್ರಾರ್ಥನೆಯನ್ನು ಅವಳೇ ಮಂಟಪದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಲಿ.

ಇತಿ,
ಸೌದಾಮಿನಿ

ತಾ.ಕ.: ಮರೆತುಹೋಗಿತ್ತು ಎಂದು ಮಾತ್ರ ಹೇಳಬೇಡಿ. ಹಾಳೆಯ ಅಂಚಿನಲ್ಲಿ ನಿಮ್ಮ ಪೆನ್ಸಿಲಿನ ಸಾಲು ಫೋಟೋದಲ್ಲೂ ಮಸುಕಾಗಿ ಕಾಣುತ್ತದೆ: ‘ಹೆದರಬೇಡ. ನಿಧಾನ ಓದು. ನಾನು ಹಿಂದಿನ ಬೆಂಚಿನಲ್ಲಿ ಇರುತ್ತೇನೆ.’ ಆಶ್ರಿತಾ ಅದನ್ನೂ ಓದಿ, ಇದನ್ನು ಬರೆದವರು ಯಾರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ.